ನಾನು ಬೆಳ್ಳಗೆ ಮಾಡಿದ ಕಣ್ಣು

ನಿಮ್ಮ ಮಗಳ ಕಣ್ಣನ್ನು ಬೆಳ್ಳಗೆ ಮಾಡಿದವಳು ನಾನು, ಪಾರ್ವತೆವ್ವ ಚಿಗವ್ವ. ನಮ್ಮ ನಡುಮನೆಯ ಗೋಡೆಯ ಮೇಲೆ ಇಷ್ಟು ವರ್ಷ ತೂಗಿದ ಆ ಕುಬಸದ ಫೋಟೋ — ಹಿರಿಯರು ಕೈಯಿಂದ ಕೈಗೆ ದಾಟಿಸಿ ನೋಡಿ, ತಲೆಯಾಡಿಸಿ, ನಿಮ್ಮದೇ ತಪ್ಪು ಅಂದರಲ್ಲ, ಅದೇ ಫೋಟೋ — ಸುಳ್ಳು. ಸುಮಿತ್ರೆ ನಮ್ಮ ಮನೆಯಿಂದ ನಿಮ್ಮ ಮನೆಗೆ ಹೊರಡುವ ಮೊದಲೇ ಅವಳ ಕಣ್ಣು ಹಳದಿಯಾಗಿತ್ತು. ನಾನು ನೋಡಿದ್ದೆ. ನೋಡಿಯೂ ಕಂಪ್ಯೂಟರಿನ ಮುಂದೆ ಕುಳಿತು ಆ ಹಳದಿಯನ್ನು ಒರೆಸಿ ಹಾಕಿದೆ.

ನೀವು ಸುಳ್ಳು ಹೇಳಿರಲಿಲ್ಲ. ಹೇಳಿದವಳು ನಾನು.

ಕ್ಷಮಿಸಿ ಎಂದು ಕೇಳುವುದಿಲ್ಲ. ಆ ಮಾತು ಕೇಳಿದರೇ ಈಗ ನನ್ನ ಮೈ ಉರಿಯುತ್ತದೆ. ಕಾಲು ತುಳಿದರೆ ಕ್ಷಮಿಸಿ ಅನ್ನುತ್ತಾರೆ. ಒಬ್ಬ ತಾಯಿಯ ಬಾಯಿಂದ ನಿಜವನ್ನು ಕಿತ್ತುಕೊಂಡು, ಅವಳ ಮೊಮ್ಮಗಳನ್ನು ಮಡಿಲಿಂದ ಕಿತ್ತುಕೊಂಡು, ಆ ಮಗುವಿನ ಬಾಯಲ್ಲಿ 'ದೊಡ್ಡವ್ವಾ' ಎಂದು ಕರೆಸಿಕೊಂಡು ಸುಖವಾಗಿ ಉಂಡವಳು ಯಾವ ಮುಖ ಇಟ್ಟುಕೊಂಡು ಹಾಗೆ ಕೇಳಬೇಕು? ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ. ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ. ಗೊತ್ತಿಲ್ಲದ್ದು ಅದರ ನಡುವೆಯೇ ಕೂತಿದೆ.

ನಾನು ಆ ಮನೆಯ ಹಿರಿ ಸೊಸೆ ರೇಣುಕಾ. ನಿಮ್ಮ ಸುಮಿತ್ರೆ ನನ್ನ ಮೈದುನ ಮಂಜುನಾಥನ ಹೆಂಡತಿ, ನನ್ನ ನೆಗೆಣ್ಣಿ. ನನ್ನ ಗಂಡನಿಗೆ ದಾಂಡೇಲಿಯ ಮಿಲ್ಲಿನಲ್ಲಿ ಕೆಲಸ, ಮನೆ ಅಂಬೇವಾಡಿಯಲ್ಲಿ. ಮದುವೆಗೆ ಮುಂಚೆ ನಾನು ಹಳಿಯಾಳದಲ್ಲಿ ನಮ್ಮಣ್ಣನ ಸ್ಟುಡಿಯೋದಲ್ಲಿ ಕೂರುತ್ತಿದ್ದೆ. ಫೋಟೋ ತೆಗೆಯುವುದು ಅಣ್ಣ, ಅದನ್ನು ತಿದ್ದಿ ಪ್ರಿಂಟು ಹಾಕುವುದು ನಾನು. ಗಂಡನ ಮನೆಗೆ ಬಂದ ಮೇಲೂ ಆ ಚಟ ಬಿಡಲಿಲ್ಲ. ಹಟ ಹಿಡಿದು, ಅತ್ತು, ಊಟ ಬಿಟ್ಟು ಒಂದು ಪ್ರಿಂಟರ್ ತರಿಸಿಕೊಂಡೆ. ಅತ್ತೆಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಇದು ಮನಿನೋ ಫೋಟೋ ಅಂಗಡಿನೋ?" ಎಂದು ಬಂದವರ ಮುಂದೆಲ್ಲ ಆಡುತ್ತಿದ್ದರು. ಒಂದು ಪ್ರಿಂಟು ಸ್ವಲ್ಪ ಕೆಂಪಗೆ ಬಂದರೆ ಸಾಕು, "ದರಿದ್ರ ಮಶೀನು" ಎಂದು ಶುರು. ಆ ಮಶೀನಿಗೆ ಅಂದದ್ದೆಲ್ಲ ನನಗೇ ಅಂದದ್ದು ಎಂದು ನಾನು ಲೆಕ್ಕ ಇಡುತ್ತಿದ್ದೆ.

ಈಗ ಒಂದು ಮಾತು ಅರ್ಥ ಮಾಡಿಕೊಳ್ಳಿ. ಇದು ತಿಳಿಯದಿದ್ದರೆ ನನ್ನ ಪಾಪ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ.

ಕ್ಯಾಮೆರಾ ಕಂಡದ್ದು ಕಾಗದದ ಮೇಲೆ ಹಾಗೇ ಬರುತ್ತದೆ ಎಂದು ಜನ ತಿಳಿದಿದ್ದಾರೆ. ಬರುವುದಿಲ್ಲ. ಮರದ ಕೆಳಗೆ ನಿಂತರೆ ಮುಖ ಹಸಿರು, ಹಳೆಯ ಬಲ್ಬಿನ ಕೆಳಗೆ ಹಳದಿ, ನೀಲಿ ಗೋಡೆಯ ಪಕ್ಕದಲ್ಲಿ ಹೆಣದ ಕಳೆ. ಮನೆಯಲ್ಲಿ ಪ್ರಿಂಟು ಹಾಕಿದರಂತೂ ಪರದೆಯ ಮೇಲೆ ಒಂದು ಬಣ್ಣ, ಕಾಗದದ ಮೇಲೆ ಇನ್ನೊಂದು. ಪ್ರಿಂಟರಿನ ಒಂದು ಶಾಯಿಯ ತೂತು ಕಟ್ಟಿಕೊಂಡರೆ ಇಡೀ ಮನೆತನಕ್ಕೇ ಗುಲಾಬಿ ಬಳಿದಂತೆ ಬರುತ್ತದೆ. ಬೇಡದ ಈ ಬಣ್ಣವನ್ನು ತೆಗೆಯಲು ಒಂದು ದಾರಿ ಇದೆ. ಫೋಟೋದಲ್ಲಿ ನಿಜವಾಗಿ ಬಿಳಿ ಅಥವಾ ಬೂದು ಬಣ್ಣದ ಒಂದು ವಸ್ತುವನ್ನು ಹುಡುಕಿ, ಅದರ ಮೇಲೆ ಒತ್ತಿ, ಕಂಪ್ಯೂಟರಿಗೆ ಹೇಳಬೇಕು — ಇದಕ್ಕೆ ಬಣ್ಣವಿಲ್ಲ, ಇದನ್ನು ನೋಡಿ ಉಳಿದದ್ದನ್ನೆಲ್ಲ ಸರಿಮಾಡು. ಕಂಪ್ಯೂಟರು ಮಾಡುತ್ತದೆ. ನಾನು ಯಾವುದನ್ನು ಬಿಳಿ ಎಂದರೆ ಅದನ್ನೇ ನಂಬುತ್ತದೆ. ಪಾಪ, ಅದಕ್ಕೆ ನನ್ನ ಸ್ವಭಾವ ಗೊತ್ತಿಲ್ಲ.

ಕುಬಸ ಸೋಮವಾರ ಇತ್ತು. ಏಳನೇ ತಿಂಗಳ ಬಸುರಿಗೆ ಹಸಿರು ಕುಪ್ಪಸ ತೊಡಿಸಿ, ಉಡಿ ತುಂಬಿ, ತವರಿಗೆ ಕಳಿಸುವ ಸಂಭ್ರಮ. ನೀವು ಮುಂಡಗೋಡದ ಕಡೆಯಿಂದ ಬುತ್ತಿ ಕಟ್ಟಿಕೊಂಡು ಹಿಂದಿನ ದಿನವೇ ಬಂದಿದ್ದಿರಿ — ಕರ್ಚಿಕಾಯಿ, ಚಕ್ಕುಲಿ, ಕೆಂಪು ಚಟ್ನಿ. ಬಿಸಿಲೆಂದು ಅಂಗಳದ ಮೇಲೆ ಹಸಿರು ಬಲೆ ಕಟ್ಟಿದ್ದರು. ಅದರ ಕೆಳಗೆ ಸುಮಿತ್ರೆಯನ್ನು ಕೂರಿಸಿ, ಕೆನ್ನೆಗೆ ಅರಿಷಿಣ ಹಚ್ಚಿ, ಎಲ್ಲರೂ ಹಾಡಿದ್ದೇ ಹಾಡಿದ್ದು. ಅವಳು ಮಾತ್ರ ತಟ್ಟೆಯಲ್ಲಿಟ್ಟದ್ದನ್ನು ಮುಟ್ಟುತ್ತಿರಲಿಲ್ಲ. ನಾನು ಕ್ಯಾಮೆರಾ ಹಿಡಿದು ಹತ್ತಿರ ಹೋದಾಗ ಸಣ್ಣ ದನಿಯಲ್ಲಿ ಅಂದಳು:

"ಅಕ್ಕಾ, ಬಾಯಿಗೆ ಏನೂ ರುಚಿ ಹತ್ತವಲ್ದು. ಮೈಯೆಲ್ಲಾ ಕಡೀತೈತಿ."

"ಬಸರಾಗ ಹಂಗ ಆಗ್ತೈತಿ ಬಿಡು. ಸ್ವಲ್ಪ ನಗು, ಫೋಟೋ ಚಲೋ ಬರ್ಲಿ," ಎಂದೆ.

ನಕ್ಕಳು. ನಾನು ಹೇಳಿದ್ದಕ್ಕೆ ನಕ್ಕಳು. ಗೋಡೆಯ ಮೇಲಿದ್ದದ್ದು ಆ ನಗು.

ಮರುದಿನ ಮಂಗಳವಾರ. ಮಂಗಳವಾರ ಹೆಣ್ಣುಮಗಳನ್ನು ಮನೆಯಿಂದ ಕಳಿಸಬಾರದು ಎಂದು ಅತ್ತೆ ನಿಮ್ಮನ್ನೂ ಅವಳನ್ನೂ ನಿಲ್ಲಿಸಿಕೊಂಡರು. ಬುಧವಾರ ಹೊರಡುವುದೆಂದಾಯಿತು. ಆ ಮಂಗಳವಾರ — ಹಾಳಾದ ಆ ಒಂದು ಮಂಗಳವಾರ ನನಗೆ ಸಿಕ್ಕಿತು. ಬೆಳಿಗ್ಗೆಯೇ ಅತ್ತೆ, "ಗೋಡಿಗೆ ಹಾಕೂ ಹಂಗ ಒಂದು ದೊಡ್ಡ ಫೋಟೋ ತಗಿ. ಬೀಗ್ತಿಗೂ ಒಂದು ಕೊಟ್ಟು ಕಳಸೂಣು," ಎಂದರು. ನಾನು ಕೋಣೆಯಲ್ಲಿ ಕುಳಿತೆ.

ಆರಿಸಿದ ಫೋಟೋದಲ್ಲಿ ನಡುವೆ ಸುಮಿತ್ರೆ, ಒಂದು ಬದಿಗೆ ಅತ್ತೆ, ಇನ್ನೊಂದು ಬದಿಗೆ ನೀವು, ಹಿಂದೆ ಬಿಳಿ ಟೊಪ್ಪಿಗೆ ಹಾಕಿಕೊಂಡ ಮಾವ. ಬಲೆಯ ನೆರಳಿಗೆ ಎಲ್ಲರ ಮುಖವೂ ಹಸಿರು. ಮೊದಲು ಮಾವನ ಟೊಪ್ಪಿಗೆಯ ಮೇಲೆ ಒತ್ತಿ 'ಇದು ಬಿಳಿ' ಎಂದೆ. ತಕ್ಷಣ ಎಲ್ಲರೂ ಹಳದಿಯಾದರು! ನನಗೇ ನಗು ಬಂತು. ಅತ್ತೆ ಆ ಟೊಪ್ಪಿಗೆಯನ್ನು ನೀಲಿಯಲ್ಲಿ ಅದ್ದಿ ಅದ್ದಿ ಒಗೆದಿದ್ದರು. ಅದು ಬಿಳಿಯೇ ಅಲ್ಲ, ಅರ್ಧ ನೀಲಿ. ನೀಲಿಯನ್ನು ಬಿಳಿ ಎಂದರೆ ಕಂಪ್ಯೂಟರು ಲೋಕಕ್ಕೆಲ್ಲ ಹಳದಿ ಬಳಿಯುತ್ತದೆ. ಅದನ್ನು ಬಿಟ್ಟು ಪಕ್ಕದ ಸಿಮೆಂಟಿನ ಕಂಬದ ಮೇಲೆ ಒತ್ತಿದೆ. ಈಗ ಸರಿಹೋಯಿತು. ಟೊಪ್ಪಿಗೆ ಟೊಪ್ಪಿಗೆಯಂತೆ, ಕಂಬ ಕಂಬದಂತೆ, ಅತ್ತೆ ಅತ್ತೆಯಂತೆ. ನಿಮ್ಮ ಕಣ್ಣಿನ ಕೆಂಪು ಎಳೆಗಳೂ ಕಾಣುತ್ತಿದ್ದವು.

ಸುಮಿತ್ರೆಯ ಕಣ್ಣು ಮಾತ್ರ ಹಳದಿಯಾಗೇ ಉಳಿಯಿತು.

ಪ್ರಿಂಟರಿನ ಶಾಯಿ ಕಟ್ಟಿರಬೇಕೆಂದು ಪರೀಕ್ಷೆಯ ಹಾಳೆ ತೆಗೆದು ನೋಡಿದೆ. ಎಲ್ಲ ಗೆರೆಗಳೂ ನೆಟ್ಟಗಿದ್ದವು. ಪ್ರಿಂಟು ಹಾಕಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಅದೇ. ಹಳದಿ. ಕೆನ್ನೆಗಾದರೆ ಅರಿಷಿಣ ಹಚ್ಚಿದ್ದರು — ಕಣ್ಣೊಳಗೆ ಯಾರು ಹಚ್ಚುತ್ತಾರೆ?

ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ಕೈಯಿಂದ ಪ್ರಿಂಟು ಕಸಿದುಕೊಂಡರು.

"ಅಯ್ಯ ಇದೇನs ಇದು! ಕಾಮಣಿ ಆದಾಕಿಹಂಗ ಕಾಣ್ತಾಳಲ್ಲ! ಗೋಡಿಗೆ ಹಾಕೂದೇನ ಇದನ್ನ? ಬಂದ ಮಂದಿ ಏನಂದಾರು? ಬ್ಯಾಡ ಅಂತ ಬಡಕೊಂಡ್ನಿ ಅವತ್ತ, ಇಂಥಾ ದರಿದ್ರ ಮಶೀನು..."

ಕಾಮಣಿ, ಕಾಮಾಲೆ ರೋಗ. ಆ ಶಬ್ದ ಅವರ ಬಾಯಿಂದಲೇ ಬಂತು. ಅವರು ಮಶೀನನ್ನು ಬಯ್ಯಲು ಆಡಿದರು. ನನ್ನ ಕಿವಿಗೆ ಅದು ನೇರ ಬಿತ್ತು. ಅವರು ಹೋದ ಮೇಲೆ ಎದ್ದು ಒಳಕೋಣೆಯ ಬಾಗಿಲಿಗೆ ಹೋದೆ. ಸುಮಿತ್ರೆ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಒಂದು ಹೆಜ್ಜೆ. ಒಂದೇ ಹೆಜ್ಜೆ ಇಟ್ಟು ಭುಜ ಮುಟ್ಟಿ, 'ಏ ಸುಮಿ, ಕಣ್ಣು ತೋರಿಸು' ಅನ್ನಬೇಕಿತ್ತು. ಅನ್ನಲಿಲ್ಲ. ಯಾಕೆ? ಮಲಗಿದವಳನ್ನು ಎಬ್ಬಿಸಬಾರದೆಂದೇ? ಥೂ, ಅಷ್ಟು ಒಳ್ಳೆಯವಳಲ್ಲ ನಾನು. ನೋಡಿದರೆ ನಿಜವಾಗಿಬಿಡುತ್ತದೆ, ನಿಜವಾದರೆ ಮನೆಯಲ್ಲಿ ರಂಪ, ಆಸ್ಪತ್ರೆ, ಕುಬಸದ ಮರುದಿನವೇ ಅಪಶಕುನ ನುಡಿದವಳು ಎಂಬ ಹೆಸರು — ಮತ್ತು ನನ್ನ ಫೋಟೋ ಕೆಟ್ಟಿತು ಎಂಬ ಮಾತು ಹಾಗೇ ಉಳಿಯುತ್ತದೆ. ಇವೆಲ್ಲ ಒಟ್ಟಿಗೇ ಬಂದವು ತಲೆಯಲ್ಲಿ. ಯಾವುದು ಮೊದಲು ಬಂತೆಂದು ಕೇಳಬೇಡಿ. ಫೋಟೋದ್ದೇ ಮೊದಲು ಬಂತು.

ವಾಪಸು ಬಂದು ಕುಳಿತೆ. ಕಣ್ಣನ್ನು ಪರದೆಯ ತುಂಬ ದೊಡ್ಡದು ಮಾಡಿಕೊಂಡೆ. ಹಳದಿಯನ್ನು ಎಳೆ ಎಳೆಯಾಗಿ ತೆಗೆದೆ. ಮೊದಲ ಸಲ ಸುಣ್ಣ ಹೊಡೆದಂತಾಯಿತು. ಅಳಿಸಿ ಮತ್ತೆ ಮಾಡಿದೆ. ಕೊನೆಗೆ ನಿಮ್ಮ ಕಣ್ಣಿನ ಬಿಳಿಯನ್ನೇ ಅಳತೆಗೆ ಇಟ್ಟುಕೊಂಡು ಅವಳ ಕಣ್ಣಿಗೆ ತುಂಬಿದೆ. ತಾಯಿಯ ಕಣ್ಣಿನ ಬಿಳಿ ಮಗಳಿಗೆ ಹೊಂದಿತು. ಎಂಥ ಕೆಲಸಗಾತಿ ನೋಡಿ! ಅಲ್ಲಿಯವರೆಗೆ ಆ ಫೋಟೋ ಸರಿಯಾಗಿತ್ತು ಚಿಗವ್ವ. ನನ್ನ ಮಶೀನು ಸರಿಯಿದೆ ಎಂದು ತೋರಿಸಲು ಹೋಗಿ, ಸರಿಯಿದ್ದದ್ದನ್ನು ಕೆಡಿಸಿದೆ.

ಎರಡನೇ ಪ್ರಿಂಟು ನೋಡಿ ಅತ್ತೆ ಮುಖ ಅರಳಿಸಿದರು. "ಈಗ ನೋಡು! ಇದ್ದದ್ದ ಬಂತು. ಶಾಣ್ಯಾಕಿ ಅದೀ ಬಿಡು," ಎಂದರು. ಮದುವೆಯಾಗಿ ಬಂದಮೇಲೆ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ನಾನು ಕುಣಿದಾಡುವುದೊಂದು ಬಾಕಿ. ಆ ಒಂದು ಮಾತಿಗೆ ನಿಮ್ಮ ಮಗಳನ್ನು ಮಾರಿಕೊಂಡೆ.

ಇಷ್ಟೇ ಆಗಿದ್ದರೆ — ಇಲ್ಲ, ಇಷ್ಟೇ ಆಗಿದ್ದರೂ ಸಾಕಿತ್ತು. ಆದರೆ ಇಷ್ಟಕ್ಕೇ ನಿಲ್ಲಲಿಲ್ಲ. ಊಟವಾದ ಮೇಲೆ ನೀವು ನನ್ನ ಕೋಣೆಗೆ ಬಂದಿರಿ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿರಿ. ಬೀಗರ ಮನೆಯಲ್ಲಿ ದೂರು ಹೇಳಿದಂತಾಗಬಾರದೆಂದು ಬಾಗಿಲು ಸ್ವಲ್ಪ ಮುಂದೆ ಮಾಡಿ, ಅಳುಕುತ್ತಲೇ ಕೇಳಿದಿರಿ:

"ರೇಣುಕಾ, ಸುಮಿ ಕಣ್ಣು ಯಾಕೋ ಹಳದಿ ಹಳದಿ ಕಾಣ್ತಾವ ನೋಡವಾ. ನನಗಷ್ಟs ಹಂಗ ಕಾಣ್ತೈತೋ ಏನೋ. ನೀ ಅಂತೂ ಬಣ್ಣದಾಗs ಇರಾಕಿ. ನೀ ಹೇಳು."

ದೇವರು ಎದುರಿಗೆ ಬಂದು ಇನ್ನೊಂದು ಅವಕಾಶ ಕೊಡುವುದು ಇದಕ್ಕಿಂತ ಹೇಗೆ? ಪ್ರಿಂಟು ನನ್ನ ಮೇಜಿನ ಮೇಲೆ ಇನ್ನೂ ಒದ್ದೆಯಾಗಿತ್ತು. ಅದನ್ನೆತ್ತಿ ನಿಮ್ಮ ಕೈಗೆ ಕೊಟ್ಟೆ. ಕೊಟ್ಟು ಹೇಳಿದೆ:

"ಅದು ಆ ಹಸರ ಬಲಿ ನೆರಳಿಗೆ ಹಂಗ ಕಾಣ್ತೈತ್ರಿ ಚಿಗವ್ವ. ನೋಡ್ರಿಲ್ಲೆ, ಎಷ್ಟ ಬೆಳ್ಳಗ ಅದಾವು. ಏನಿಲ್ರಿ, ಚಿಂತಿ ಮಾಡಬ್ಯಾಡ್ರಿ."

ನೀವು ಆ ಫೋಟೋವನ್ನು ಕಣ್ಣ ಹತ್ತಿರ ತಂದು ನೋಡಿದಿರಿ. ಮಗಳ ಕಣ್ಣಿಗಿಂತ ನನ್ನ ಕಾಗದವನ್ನು ನಂಬಿದಿರಿ. "ನೀ ಹೇಳಿದ ಮ್ಯಾಲ ಮುಗೀತ ಬಿಡವಾ," ಎಂದು ನಕ್ಕು ಹೋದಿರಿ. ಬುಧವಾರ ಬೆಳಿಗ್ಗೆ ಬಸ್ಸು ಹತ್ತಿದಿರಿ. ಸುಮಿತ್ರೆ ಕಿಟಕಿಯಿಂದ ಕೈ ಮಾಡಿದಳು. ನಾನೂ ಮಾಡಿದೆ.

ಮುಂದಿನದನ್ನು ನಿಮಗೆ ಹೇಳುವ ಹಕ್ಕು ನನಗಿಲ್ಲ. ಅವಳು ನಿಮ್ಮ ಮನೆಯಲ್ಲಿ ಬಿದ್ದದ್ದು, ನೀವು ಮುಂಡಗೋಡಕ್ಕೆ ಕರೆದೊಯ್ದದ್ದು, ಅವರು ಹುಬ್ಬಳ್ಳಿಗೆ ಕಳಿಸಿದ್ದು, ತಿಂಗಳು ತುಂಬದ ಕೂಸು ಬದುಕಿ ತಾಯಿ ಹೋದದ್ದು — ನೀವು ಅದರ ಒಳಗೆ ಇದ್ದವರು, ನಾನು ಹೊರಗೆ ಬೆಂಚಿನ ಮೇಲೆ ಕುಳಿತವಳು. ಒಂದನ್ನು ಮಾತ್ರ ಹೇಳುತ್ತೇನೆ. ಡಾಕ್ಟರು ಹೊರಗೆ ಬಂದು, "ಕಣ್ಣು ಹಳದಿ ಆಗಿ ಎಷ್ಟು ದಿನ ಆತು?" ಎಂದು ಕೇಳಿದಾಗ ನೀವು ಒಳಗಿದ್ದಿರಿ. ಅತ್ತೆ, "ನಮ್ಮನ್ಯಾಗ ಇದ್ದಾಗ ಏನೂ ಇರ್ಲಿಲ್ರಿ," ಎಂದರು. ನಾನು ಅವರ ಪಕ್ಕದಲ್ಲೇ ಇದ್ದೆ. ಆಗಲಾದರೂ ಹೇಳಿದ್ದರೆ, ಮಂಗಳವಾರವೇ ಹೇಳಿದ್ದರೆ, ಅವಳು ಉಳಿಯುತ್ತಿದ್ದಳೋ... ಡಾಕ್ಟರು ಹೇಳಲಿಲ್ಲ. ನಾನು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ. ಎಲ್ಲಿ 'ಹೌದು' ಅಂದುಬಿಡುತ್ತಾರೋ ಎಂದು.

ದಿನಕರ್ಮ ಮುಗಿದ ಮೇಲೆ ಹಿರಿಯರು ನಮ್ಮ ನಡುಮನೆಯಲ್ಲಿ ಕೂತರು. ಕೂಸು ಯಾರ ಬಳಿ ಬೆಳೆಯಬೇಕು ಎಂಬುದು ಮಾತು. ನೀವು ಎದ್ದು ನಿಂತು, ಕೂಸನ್ನು ನನಗೆ ಕೊಡಿ, ನನ್ನ ಮಗಳಂತೂ ಹೋದಳು, ಎಂದು ಕೈ ಮುಗಿದಿರಿ. ಆಗ ಅತ್ತೆ ಗೋಡೆಯಿಂದ ಆ ಫೋಟೋ ಬಿಚ್ಚಿ ತಂದು ಚಾಪೆಯ ನಡುವೆ ಇಟ್ಟರು.

"ನೋಡ್ರಿ ನೀವs. ನಮ್ಮ ಮನಿಂದ ಹೋಗೂ ಮುಂದ ಹೆಂಗಿದ್ಲು ನೋಡ್ರಿ. ಕಣ್ಣ ನೋಡ್ರಿ, ಹಾಲಿನ್ಹಂಗ ಅದಾವು. ಆ ಮನಿಗೆ ಹೋಗಿ ಯಾವ ನೀರು ಕುಡದ್ಲೋ, ಏನ ತಿಂದ್ಲೋ! ಹಡದ ಮಗಳನ್ನs ನೋಡ್ಕೊಳ್ಳಾಕ ಆಗ್ಲಿಲ್ಲ ಈಕಿಗೆ. ಈಗ ಈ ಕೂಸನ್ನೂ ಕೊಡೂಣೇನು?"

ಫೋಟೋ ಕೈಯಿಂದ ಕೈಗೆ ಹೋಯಿತು. ಒಬ್ಬರು ಕನ್ನಡಕ ಒರೆಸಿಕೊಂಡು ನೋಡಿದರು. "ಹೌದಲ್ಲ," ಎಂದರು. ನೀವು, "ಸುಳ್ಳರೀ! ಅಲ್ಲೇ ಹಳದಿ ಇದ್ದೂ, ನಾ ನೋಡೀನಿ!" ಎಂದು ಕೂಗಿದಿರಿ. ಮತ್ತೆ ನನ್ನ ಕಡೆ ತಿರುಗಿದಿರಿ. ನಾನು ಅಡಿಗೆಮನೆಯ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದೆ.

"ರೇಣುಕಾ, ನಾ ನಿನಗ ಕೇಳಿದ್ನಿಲ್ಲೇನವಾ? ಫೋಟೋ ತಗದಾಕಿ ನೀ. ನೀ ಹೇಳು ಇವ್ರಿಗೆ."

ಎಲ್ಲರೂ ನನ್ನನ್ನು ನೋಡಿದರು. ಅತ್ತೆ ನೋಡಿದರು. ಕೂಸು ನನ್ನ ಎದೆಗೆ ಮುಖ ಒತ್ತಿತ್ತು. ಬಾಣಂತನ ಕಾಣದ ನನ್ನ ಎದೆಗೆ. ಅದನ್ನು ನೆಪ ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ — ಹೇಳದೆ ಬಿಟ್ಟರೆ ಇದೂ ಒಂದು ಸುಳ್ಳಾಗುತ್ತದೆ, ಅದಕ್ಕೇ ಹೇಳಿದೆ. ನನಗೆ ಆ ಕೂಸು ಬೇಕಿತ್ತು.

"ನನಗ ನೆನಪಿಲ್ರಿ," ಎಂದೆ. "ಫೋಟೋದಾಗ ಇದ್ದದ್ದ ಬಂದೈತಿ."

ಪ್ರಿಂಟು ನೋಡಿ ಅತ್ತೆ ಅವತ್ತು ಆಡಿದ ಮಾತನ್ನೇ ತಿರುಗಿ ಅವರ ಕೈಗೆ ಕೊಟ್ಟೆ. ಅಲ್ಲಿಗೆ ಎಲ್ಲ ಮುಗಿಯಿತು. ನೀವು ನನ್ನನ್ನು ಬಯ್ಯಲಿಲ್ಲ. ಬಯ್ಯಬೇಕಿತ್ತು! ಬಂದು ನನ್ನ ಕೆನ್ನೆಗೆ ಬಾರಿಸಬೇಕಿತ್ತು, ಆ ಫೋಟೋ ಕಿತ್ತುಕೊಂಡು ಹರಿದು ಒಲೆಗೆ ಹಾಕಬೇಕಿತ್ತು! ಯಾಕೆ ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡು ಹೋದಿರಿ ನೀವು? ... ಇಲ್ಲ. ನೋಡಿ, ಈಗಲೂ ನಿಮ್ಮ ಮೇಲೆಯೇ ಹರಿಹಾಯುತ್ತಿದ್ದೇನೆ. ನಿಮ್ಮ ಮೇಲೆ ಸಿಟ್ಟು ಮಾಡಲು ನನಗೇನು ಅಧಿಕಾರ? ನಾನೊಬ್ಬಳು ನಿಜ ಹೇಳುತ್ತೇನೆಂದು ನಂಬಿ ಕೇಳಿದಿರಿ. ನಂಬಿದವಳಿಗೆ ಆಮೇಲೆ ಎಲ್ಲಿ ಬಾಯಿ ಉಳಿಯುತ್ತದೆ.

ಆಮೇಲೆ ಒಂದು ಸಲ ಬಂದಿರಿ. ಕೂಸಿಗೆ ಸೃಷ್ಟಿ ಎಂದು ಹೆಸರಿಟ್ಟು, ಅದು ಮಾತು ಕಲಿತು ಓಡಾಡುವ ಹೊತ್ತಿಗೆ. ಅತ್ತೆ ಗೇಟು ತೆಗೆಯಲಿಲ್ಲ. ಬೀದಿಯವರಿಗೆಲ್ಲ ಕೇಳಿಸುವಂತೆ ಅಂದದ್ದು ನಿಮಗೆ ನೆನಪಿರಬೇಕು, ನಾನು ಮತ್ತೆ ಆಡುವುದಿಲ್ಲ. ನಾನು ಪರದೆಯ ಹಿಂದೆ ಇದ್ದೆ. ನೀವು ತಂದ ಚೀಲವನ್ನು ಗೇಟಿನ ಸರಳಿಗೆ ಸಿಕ್ಕಿಸಿ ಹೋದಿರಿ. ಅದರಲ್ಲಿ ಒಂದು ಫ್ರಾಕು, ಪುಟ್ಟ ಬಳೆ, ಚಕ್ಕುಲಿ. ಚಕ್ಕುಲಿಯನ್ನು ಸೃಷ್ಟಿಗೆ ತಿನ್ನಿಸಿದೆ, ಅಂಗಡಿಯದು ಎಂದು ಹೇಳಿ. ಅಷ್ಟನ್ನೂ ಬಿಡಲಿಲ್ಲ ನಾನು.

ಸೃಷ್ಟಿ ಬೆಳೆದಳು. ಮಂಜು ಇನ್ನೊಂದು ಮದುವೆಯಾಗಿ ಗೋವಾಕ್ಕೆ ಹೋದ, ಹಬ್ಬಕ್ಕೊಮ್ಮೆ ಅನಮೋಡದ ದಾರಿ ಹಿಡಿದು ಬಂದು ಮಗಳ ಕೈಗೆ ಚಾಕಲೇಟು ಕೊಟ್ಟು ಹೋಗುತ್ತಾನೆ. ಮಾವ ತೀರಿಕೊಂಡರು. ಅವಳ ತಲೆ ಬಾಚಿ, ಜ್ವರ ಬಂದಾಗ ಪಕ್ಕದಲ್ಲಿ ಕುಳಿತು, ಶಾಲೆಗೆ ಕಳಿಸಿದ್ದು ನಾನು. ನಿಮ್ಮ ಹೆಸರು ಬಂದಾಗೆಲ್ಲ ಅತ್ತೆ, "ನಿನ್ನವ್ವನ್ನ ತಿಂದಾಕಿ ಆಕಿ," ಎನ್ನುತ್ತಿದ್ದರು. ನಾನು ಅವಳ ಜಡೆ ಹೆಣೆಯುತ್ತಿರುತ್ತಿದ್ದೆ. ಹಣೇಬರಹ, ಹಣೇಬರಹ ಎಂದು ಬಂದವರೆಲ್ಲ ಅನ್ನುವುದನ್ನು ಕೇಳಿ ನಾನೂ ಹೂಂಗುಟ್ಟಿದ್ದೇನೆ. ಯಾರ ಹಣೆಬರಹ? ಮೌಸ್ ಹಿಡಿದು ನಾನು ಕೂತು ಬರೆದದ್ದು ಅದು.

ಮೊನ್ನೆ ಶನಿವಾರ ಸೃಷ್ಟಿ ಅವ್ವನ ಫೋಟೋ ಬೇಕೆಂದಳು. ಓದುವ ಮೇಜಿನ ಎದುರು ಅಂಟಿಸಿಕೊಳ್ಳಲು. ಕಂಪ್ಯೂಟರು ಅವಳಿಗೆ ನಾನೇ ಕಲಿಸಿದ್ದು. ಬಣ್ಣ ತಿದ್ದುವುದೂ ಸ್ವಲ್ಪ ಗೊತ್ತು. ಎಷ್ಟೇ ತಿದ್ದಿದರೂ ಮೂಲ ಫೋಟೋವನ್ನು ಅಳಿಸಬಾರದು ಎಂಬುದು ಅಣ್ಣನ ಸ್ಟುಡಿಯೋದ ರೂಢಿ, ನನ್ನ ಕೈಗೂ ಅಂಟಿದ್ದು. ಪಶ್ಚಾತ್ತಾಪದಿಂದ ಉಳಿಸಿದ್ದೆ ಎಂದುಕೊಳ್ಳಬೇಡಿ. ಮರೆತಿದ್ದೆ. ನಾನು ರೊಟ್ಟಿ ಬಡಿಯುತ್ತಿದ್ದೆ, ಒಳಗಿನಿಂದ ಕರೆದಳು.

"ದೊಡ್ಡವ್ವಾ, ಇಲ್ಲೆ ಎರಡ ಅದಾವು. ಒಂದರಾಗ ಅವ್ವನ ಕಣ್ಣು ಹಳದಿ, ಒಂದರಾಗ ಬಿಳಿ. ಖರೇದ್ದು ಯಾವುದು?"

ಹಿಟ್ಟಿನ ಕೈಯಲ್ಲೇ ಹೋದೆ. ಮೂಲದ ಹಸಿರನ್ನು ಕಂಬದ ಮೇಲೆ ಒತ್ತಿ ತಾನೇ ತೆಗೆದು, ಪರದೆಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದಳು. "ಅದು ಹಸರ ಬಲಿ ನೆರಳಿಗೆ..." ಎಂದು ನನ್ನ ನಾಲಿಗೆ ತಾನಾಗಿಯೇ ಶುರುಮಾಡಿತು. ಸೇದಿಹೋಗಲಿ ಆ ನಾಲಿಗೆ! ಇಷ್ಟು ವರ್ಷದ ಮೇಲೂ ಅದೇ ಮಾತು, ಅದೇ ಸರಾಗ. ಅವಳು ಕುರ್ಚಿಯಲ್ಲಿ ತಿರುಗಿ ನನ್ನ ಮುಖ ನೋಡಿದಳು.

"ಮತ್ತ ಉಳಿದವರ ಕಣ್ಣ ಎಲ್ಲಾ ಬಿಳಿ ಅದಾವಲ್ಲ ದೊಡ್ಡವ್ವಾ? ನೆರಳು ಅವ್ವಗಷ್ಟs ಇತ್ತೇನು?"

ನಾನು ಕಲಿಸಿದ ಪಾಠ. ಮೊದಲು ಉಳಿದವರನ್ನು ನೋಡು ಎಂದು ನಾನೇ ಹೇಳಿಕೊಟ್ಟಿದ್ದೆ.

"ಹಳದಿ ಇದ್ದದ್ದ ಖರೇದ್ದು," ಎಂದೆ. "ಬಿಳಿ ಮಾಡಿದಾಕಿ ನಾನು."

ಎಲ್ಲ ಹೇಳಿದೆ. ಮಂಗಳವಾರ, ನೀವು ಬಂದು ಕೇಳಿದ್ದು, ಹಿರಿಯರು, ಅಡಿಗೆಮನೆಯ ಬಾಗಿಲು, ಚಕ್ಕುಲಿ. ಕೊನೆಗೆ ಕೇಳಿದಳು:

"ಹಂಗಾರ ಮುಂಡಗೋಡದ ಅಜ್ಜಿ ಅವ್ವನ್ನ ಏನೂ ಮಾಡಿಲ್ಲ?"

"ಇಲ್ಲ."

"ನಿನಗ ಗೊತ್ತಿತ್ತು?"

"ಗೊತ್ತಿತ್ತು."

ಅತ್ತಿದ್ದರೆ ಹಿಡಿದುಕೊಳ್ಳಬಹುದಿತ್ತು. ಅಳಲಿಲ್ಲ. ಎದ್ದು ಹೋಗಿ ಶಾಲೆಯ ಚೀಲದಿಂದ ಪುಸ್ತಕಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿಟ್ಟಳು, ಅದರಲ್ಲಿ ತನ್ನ ಬಟ್ಟೆ ತುಂಬಿಕೊಂಡಳು. "ನಾ ಅಜ್ಜಿ ಕಡೆ ಹೋಗ್ತೇನಿ," ಎಂದಳು. ಅವತ್ತಿನಿಂದ ನನ್ನ ಕೈಯಿಂದ ಜಡೆ ಹಾಕಿಸಿಕೊಂಡಿಲ್ಲ. ಓರೆ ಬೈತಲೆ ತೆಗೆದು ತಾನೇ ಬಾಚಿಕೊಳ್ಳುತ್ತಾಳೆ. ತೆಗೆಯಲಿ.

ಇವತ್ತು ಬೆಳಿಗ್ಗೆ ಆ ಫೋಟೋವನ್ನು ಹೊಸದಾಗಿ ಪ್ರಿಂಟು ಹಾಕಿದೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಪ್ರಿಂಟು ಹಾಕಿರಲಿಲ್ಲ. ಬಲೆಯ ಹಸಿರನ್ನು ತೆಗೆಯಬೇಕು, ಕಣ್ಣಿನ ಹಳದಿಯನ್ನು ಮುಟ್ಟಬಾರದು. ಒಂದು ಸಲ ಹಳದಿ ಹೆಚ್ಚಾಯಿತು; ಅದೂ ಸುಳ್ಳೇ, ಹರಿದೆ. ಒಂದು ಸಲ ಕಡಿಮೆಯಾಯಿತು, ಹರಿದೆ. ಕಂಬವನ್ನು ನೋಡಿ, ನಿಮ್ಮ ಕಣ್ಣನ್ನು ನೋಡಿ, ಅಂಗಳದ ಬೆಳಕಿಗೆ ಹಿಡಿದು ಹಿಡಿದು ನೋಡಿ, ಕೊನೆಗೆ ಅವತ್ತಿನ ಸುಮಿತ್ರೆ ಬಂದಳು. ಅದೇ ನಗು. ನಾನು ನಗು ಅಂದದ್ದಕ್ಕೆ ನಕ್ಕ ನಗು, ಆ ಕಣ್ಣಿನ ಕೆಳಗೆ.

ಹಳೆಯದನ್ನು ಗೋಡೆಯಿಂದ ಇಳಿಸಿ ಇದನ್ನು ಹಾಕಿದೆ. ಅತ್ತೆ ಮಂಚದಿಂದಲೇ ಕೂಗಿದರು, "ತಲಿ ಕೆಟ್ಟೈತೇನ ನಿನಗ? ಸತ್ತಾಕಿ ಕಾಮಣೀನ ಗೋಡಿಗೆ ಹಾಕ್ತೀಯೇನು?"

"ಹೌದತ್ತಿ," ಎಂದೆ. "ಈಗ ಬಂತು ನೋಡ್ರಿ ಇದ್ದದ್ದು."

ಅವರಿಗೆ ಎಷ್ಟು ಗೊತ್ತಿತ್ತು, ಎಷ್ಟು ಗೊತ್ತಿರಲಿಲ್ಲ — ಅದು ಅವರು ತೀರಿಸಿಕೊಳ್ಳಬೇಕಾದ ಲೆಕ್ಕ. ಗಂಡನಿಗೆ ಹೇಳಿದೆ. ಅವರು, "ಮೊದಲs ಹೇಳಬೇಕಿತ್ತ ನೀ," ಎಂದು ಅಂಗಿ ಹಾಕಿಕೊಂಡು ಮಿಲ್ಲಿಗೆ ಹೋದರು. ಮಂಜುವಿಗೆ ಫೋನು ಮಾಡಿದೆ. "ಈಗ್ಯಾಕ ಕೆದಕ್ತೀರಿ ವೈನಿ? ಸತ್ತಾಕಿ ತಿರುಗಿ ಬರ್ತಾಳೇನು?" ಎಂದ. ಸತ್ತವಳ ತಾಯಿ ಬದುಕಿದ್ದಾಳಲ್ಲೋ ಮೂರ್ಖಾ, ಎಂದು ಬಾಯಿಗೆ ಬಂದಷ್ಟು ಬಯ್ದೆ. ಆಮೇಲೆ ಅವನೇ, "ಕರಕೊಂಡ ಹೋಗ್ರಿ. ನಾ ಬ್ಯಾಡ ಅನ್ನಂಗಿಲ್ಲ," ಎಂದ. ಅವತ್ತು ಕೂತಿದ್ದ ಹಿರಿಯರಲ್ಲಿ ಬದುಕಿರುವವರ ಮನೆಮನೆಗೆ ಹೋಗಿ ಎರಡೂ ಫೋಟೋ ಮುಂದಿಟ್ಟು ಹೇಳಿ ಬಂದೆ. ಕನ್ನಡಕ ಒರೆಸಿಕೊಂಡು ನೋಡಿದ್ದವರು ಇವತ್ತು ನೋಡಲೂ ಇಲ್ಲ. "ಆಗಿ ಹೋದದ್ದು ಬಿಡವಾ," ಎಂದರು. ಅವರಿಗೇನು, ಬಿಡಬಹುದು. ನಾನು ಅವರ ಮುಂದಿನಿಂದ ಏಳಲಿಲ್ಲ. "ಪಾರ್ವತೆವ್ವನ ತಪ್ಪ ಏನೂ ಇರ್ಲಿಲ್ಲ, ಅಂತ ನಿಮ್ಮ ಬಾಯಿಲೆ ಅನ್ರಿ," ಎಂದು ಕೂತೆ. ಅಂದರು. ಆ ಮಾತು ನಿಮಗೆ ತುಂಬ ತಡವಾಗಿ ಸಿಗುತ್ತಿದೆ, ಗೊತ್ತು.

ಹೊಸ ಪ್ರಿಂಟಿನ ಇನ್ನೊಂದು ಪ್ರತಿ ಚೀಲದಲ್ಲಿದೆ, ನಿಮಗೆ. ಅದನ್ನು ನೋಡುವುದು ನಿಮಗೆ ಹಿಂಸೆ. ನೋಡದಿದ್ದರೂ ಪರವಾಗಿಲ್ಲ. ಆದರೆ ನಿಮ್ಮ ಕಣ್ಣು ಅವತ್ತು ಕಂಡದ್ದು ಸರಿಯಿತ್ತು ಎನ್ನುವುದಕ್ಕೆ ಅದು ನಿಮ್ಮ ಬಳಿ ಇರಬೇಕು.

ಈಗ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರುವ ಇದನ್ನೆಲ್ಲ ನಿಮ್ಮ ಹೊಸ್ತಿಲ ಹೊರಗೆ ನಿಂತು ಬಾಯಿಬಿಟ್ಟು ಹೇಳುತ್ತೇನೆ, ಸೃಷ್ಟಿಯ ಮುಂದೆಯೇ. ಒಳಗೆ ಕರೆಯಬೇಡಿ. ನೀರೂ ಕೊಡಬೇಡಿ. ಅವತ್ತು ನೀವು ಕೈ ಮುಗಿದು ಕೇಳಿದ್ದನ್ನು ತಂದು ಒಪ್ಪಿಸಿ ತಿರುಗುತ್ತೇನೆ. ಅವಳಿಗೆ ಮತ್ತೆ ನನ್ನನ್ನು ನೋಡಬೇಕು ಅನ್ನಿಸುತ್ತದೋ ಇಲ್ಲವೋ, ಅದನ್ನು ಅವಳಿಗೇ ಬಿಟ್ಟಿದ್ದೇನೆ. ಅವಳಿಗೆ ರಾತ್ರಿ ಮೊಸರು ಆಗುವುದಿಲ್ಲ, ಕೆಮ್ಮು ಬರುತ್ತದೆ. ಇದೊಂದನ್ನು ಹೇಳುವ ಹಕ್ಕೂ ನನಗಿಲ್ಲವೇನೋ.

ಈಗ ಸಂಜೆ. ಸೃಷ್ಟಿ ಚೀಲವನ್ನು ಬಾಗಿಲ ಬಳಿ ಇಟ್ಟುಕೊಂಡು ಕುಳಿತಿದ್ದಾಳೆ. ಅತ್ತೆ ಒಳಗಿನಿಂದ ಕೂಗುತ್ತಿದ್ದಾರೆ — ನಾಳಿ ಮಂಗಳವಾರ, ಮಂಗಳವಾರ ಹೆಣ್ಣುಮಗಳನ್ನ ಮನಿಂದ ಕಳಸಬಾರದು, ಬುಧವಾರ ಹೋಗ್ರಿ ಎಂದು.

ಅವತ್ತೊಂದು ಮಂಗಳವಾರ ಕಾದೆವು ಚಿಗವ್ವ. ನಾಳೆ ಮೊದಲ ಬಸ್ಸಿಗೆ ಬರುತ್ತೇವೆ.